ಬದಿಯಡ್ಕ–ಪೆರ್ಲ ಭಾಗದ ಎಳೆಯ ಕಲಾವಿದರಿಗೆ ತಿಂಗಳಿಗೊಂದು ಕೂಟ: ಎಲ್ಲಿ, ಹೇಗೆ?

ಕನ್ನಡ ಟೀಚರ್, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಸಮೀಪದ ಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಕೇರಳದ ಶಾಲಾ ಕಲೋತ್ಸವದ (ಶಾಲಾ ಮಕ್ಕಳ ಕಲಾ ಸ್ಪರ್ಧೆಗಳ) ಹೊತ್ತಿಗೆ ನಮ್ಮ ಮಕ್ಕಳಲ್ಲಿ ಎಂಥ ಉತ್ಸಾಹ ಇರುತ್ತದೆಂಬುದನ್ನು ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ಯಕ್ಷಗಾನದ ಹೆಜ್ಜೆ ಕಲಿಯುವವರು, ಕನ್ನಡ ಕಂಠಪಾಠಕ್ಕೆ ಪದ್ಯ ಹುಡುಕುವವರು, ಜಲವರ್ಣ, ಕಾರ್ಟೂನು, ಕವಿತೆ ಎಂದು ಓಡಾಡುವವರು, ಇವರೆಲ್ಲರ ಜೊತೆಗೆ ಮನೆಮಂದಿಯೂ ನಿದ್ದೆಗೆಡುತ್ತಾರೆ. 1957ರಲ್ಲಿ ಆರಂಭವಾದ ಈ ಕಲೋತ್ಸವ ನಮ್ಮ ಮಕ್ಕಳಿಗೆ ಕೊಟ್ಟ ವೇದಿಕೆ ಸಣ್ಣದಲ್ಲ. ಆದರೆ 'ಎ' ಗ್ರೇಡ್ ಬಂದು, ಗ್ರೇಸ್ ಮಾರ್ಕ್ ಸೇರಿ, ಪ್ಲಸ್ ಟು ಮುಗಿಯಿತೆಂದರೆ ಅಲ್ಲಿಗೆ ಎಲ್ಲವೂ ನಿಂತುಹೋಗುತ್ತದೆ. ಆಮೇಲೆ ಪಂಚಾಯತಿನ ಕೇರಳೋತ್ಸವ ಒಂದಿದೆ ನಿಜ, ಆದರೆ ಅದೂ ವರ್ಷಕ್ಕೊಮ್ಮೆ ಬಂದುಹೋಗುವ ಸ್ಪರ್ಧೆಯೇ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಪೇಟೆಯ ಬ್ಯಾನರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಹಗಲೆಲ್ಲ ಗೃಹಪ್ರವೇಶದ, ಬ್ರಹ್ಮಕಲಶದ, ಅಭಿನಂದನೆಯ ಬ್ಯಾನರುಗಳನ್ನು ಸಿದ್ಧಪಡಿಸುತ್ತಾನೆ. ರಾತ್ರಿ ಅದೇ ಕಂಪ್ಯೂಟರಿನಲ್ಲಿ, ಅಂಗಡಿಯ ಯಜಮಾನರ ಅನುಮತಿಯಿಂದ, ದೈವದ ಅಣಿಯ (ಭೂತಕೋಲದ ವೇಷದ ಹಿಂದೆ ಕಟ್ಟುವ ದೊಡ್ಡ ಅಲಂಕಾರದ) ಒಂದೊಂದು ಎಳೆಯನ್ನೂ ಬಿಡದೆ ಚಿತ್ರ ಬಿಡಿಸುತ್ತಾನೆ. ಆ ಚಿತ್ರಗಳನ್ನು ಆ ಯಜಮಾನರು ನೋಡಿದ್ದಾರೆ, ನಾನು ನೋಡಿದ್ದೇನೆ, ಬೇರೆ ಯಾರೂ ನೋಡಿದಂತಿಲ್ಲ. ಕವಿತೆ ಬರೆದು ನೋಟ್ ಪುಸ್ತಕದಲ್ಲಿ ಬಚ್ಚಿಡುವ ಹುಡುಗಿಯರಂತೂ ಪ್ರತಿ ತರಗತಿಯಲ್ಲಿಯೂ ಇದ್ದಾರೆ.

ಹದಿನೈದರಿಂದ ಇಪ್ಪತ್ತೈದರ ವಯಸ್ಸಿನ ಇಂಥವರು ತಿಂಗಳಿಗೊಮ್ಮೆ ಸೇರಿ, ತಾವು ಮಾಡಿದ್ದನ್ನು ಪರಸ್ಪರ ತೋರಿಸಿಕೊಳ್ಳುವ ಒಂದು ಜಾಗ ಬೇಕೆಂದು ನಾವು ಕೆಲವರು ಆಲೋಚಿಸುತ್ತಿದ್ದೇವೆ. ಭಜನಾ ಮಂದಿರದವರು ಸಭಾಂಗಣ ಕೊಡಲು ಸಿದ್ಧರಿದ್ದಾರೆ. ಆದರೆ ಮೊದಲು ಸಂಘ ಕಟ್ಟಿ ನೋಂದಣಿ ಮಾಡಿಸಬೇಕೆಂದು ಕೆಲವರು, ಉದ್ಘಾಟನೆಗೆ ಯಾರನ್ನಾದರೂ ಕರೆಯಬೇಕೆಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಇಂಥ ಕೆಲಸ ಮಾಡಿ ಬಲ್ಲವರು ದಾರಿ ತೋರಿಸಬೇಕಾಗಿ ವಿನಂತಿ.

ವಾಚನಾಲಯದ ಕಾರ್ಯದರ್ಶಿ

ಟೀಚರ್, ಜಾಗದ ಮಟ್ಟಿಗೆ ನನ್ನ ಸಲಹೆ ವಾಚನಾಲಯ. ಕೇರಳದಲ್ಲಿರುವ ನಮಗೆ ಇದೊಂದು ಅನುಕೂಲ ಇದ್ದೇ ಇದೆ, ನಾವು ಕನ್ನಡಿಗರು ಅದನ್ನು ಬಳಸಿಕೊಂಡದ್ದು ಕಡಿಮೆ. 1945ರಲ್ಲಿ ಪಿ.ಎನ್. ಪಣಿಕ್ಕರ್ ಅವರು ತಿರುವಾಂಕೂರಿನಲ್ಲಿ ಆರಂಭಿಸಿದ ಗ್ರಂಥಾಲಯ ಚಳುವಳಿ ಮುಂದೆ ಇಡೀ ರಾಜ್ಯಕ್ಕೆ ಹಬ್ಬಿತು. 1989ರ ಕಾನೂನಿನ ಮೂಲಕ ಲೈಬ್ರರಿ ಕೌನ್ಸಿಲ್ ರೂಪುಗೊಂಡಿತು. ನಾವು ಕಟ್ಟುವ ಕಟ್ಟಡ ತೆರಿಗೆಯ ಜೊತೆಗೆ ರೂಪಾಯಿಗೆ ಐದು ಪೈಸೆಯಂತೆ ಗ್ರಂಥಾಲಯ ಸೆಸ್ ವಸೂಲಾಗುತ್ತದೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ರಶೀದಿಯನ್ನು ತೆಗೆದು ನೋಡಿದರೆ ಕಾಣುತ್ತದೆ. ಅಂದರೆ ನಿಮ್ಮೂರಿನ ವಾಚನಾಲಯ ನಡೆಯುವುದರಲ್ಲಿ ನಿಮ್ಮ ಪಾಲೂ ಇದೆ. ಅಲ್ಲಿ ಒಂದು ಮೂಲೆ ಕೇಳುವುದು ದಾಕ್ಷಿಣ್ಯದ ವಿಷಯವಲ್ಲ.

ಕೌನ್ಸಿಲಿನ ಅಂಗೀಕಾರ ಪಡೆದ ವಾಚನಾಲಯಗಳಲ್ಲಿ ಬಾಲವೇದಿ, ವನಿತಾ ವೇದಿ, ಯುವಜನ ವೇದಿ ಎಂಬ ಏರ್ಪಾಡು ಇರುತ್ತದೆ. ಹಲವು ಕಡೆ ಇವು ವಾರ್ಷಿಕ ವರದಿಯಲ್ಲಿ ಮಾತ್ರ ಉಸಿರಾಡುತ್ತಿರುತ್ತವೆ. ತಿಂಗಳಿಗೊಮ್ಮೆ ಹತ್ತು ಮಂದಿ ಯುವಕ ಯುವತಿಯರನ್ನು ನಾವು ಕರೆತರುತ್ತೇವೆ ಎಂದರೆ ಬೇಡವೆನ್ನುವ ಸಮಿತಿ ಇರಲಾರದು, ಏಕೆಂದರೆ ವಾಚನಾಲಯದ ದರ್ಜೆ ನಿರ್ಣಯಿಸುವಾಗ ಚಟುವಟಿಕೆಗಳನ್ನೂ ಪರಿಗಣಿಸಲಾಗುತ್ತದೆ. ಕೂಟ ಯುವಜನ ವೇದಿಯ ಹೆಸರಿನಲ್ಲಿ ನಡೆದರೆ ಬೇರೆ ಸಂಘವೂ ಬೇಡ, ನೋಂದಣಿಯೂ ಬೇಡ.

ಭಜನಾ ಮಂದಿರದವರ ಔದಾರ್ಯವನ್ನು ನಾನು ಕಡೆಗಣಿಸುವುದಿಲ್ಲ. ನಮ್ಮ ಕಡೆ ಎಷ್ಟೋ ಮಂದಿ ಮೊದಲು ಬಾಯಿ ಬಿಟ್ಟು ಹಾಡಿದ್ದೇ ಅಲ್ಲಿ. ಆದರೆ ನಿಮ್ಮ ತರಗತಿಯಲ್ಲಿ ಬ್ಯಾರಿ ಮುಸ್ಲಿಂ ಮಕ್ಕಳಿದ್ದಾರೆ, ಕ್ರೈಸ್ತ ಮಕ್ಕಳಿದ್ದಾರೆ. ಬರಬೇಡಿ ಎಂದು ಯಾರೂ ಹೇಳದಿದ್ದರೂ ಅವರು ಬಾಗಿಲಲ್ಲಿ ಒಂದು ಕ್ಷಣ ನಿಂತೇ ನಿಲ್ಲುತ್ತಾರೆ. ಸಂಕೋಚಪಡುವ ಹುಡುಗ ಹುಡುಗಿಯರಿಗೆಂದೇ ಮಾಡುವ ಜಾಗದಲ್ಲಿ ಆ ಒಂದು ಕ್ಷಣ ಕೂಡ ಬೇಡವೆಂದು ನನಗನ್ನಿಸುತ್ತದೆ.

ಇನ್ನು ಸಮಯ. ಚೆರ್ಕಳ–ಕಲ್ಲಡ್ಕ ರಸ್ತೆಯ ಬಸ್ಸು ಸಿಕ್ಕೀತು, ಆದರೆ ಒಳದಾರಿಗಳಿಗೆ ಸಂಜೆಯ ಬಸ್ಸು ತಪ್ಪಿದರೆ ಜೀಪೇ ಗತಿ. ಹೆಣ್ಣುಮಕ್ಕಳು ಬರಬೇಕಾದರೆ ಆದಿತ್ಯವಾರ ಮಧ್ಯಾಹ್ನ ಎರಡೂವರೆಗೆ ಆರಂಭಿಸಿ ಐದರೊಳಗೆ ಮುಗಿಸಲೇಬೇಕು. ಇದೊಂದನ್ನು ಸಡಿಲಿಸಿದರೆ ಮೂರನೆಯ ತಿಂಗಳಿಗೆ ಬರುವವರು ಬೈಕ್ ಇರುವ ಹುಡುಗರು ಮಾತ್ರ.

ನಿವೃತ್ತ ಡ್ರಾಯಿಂಗ್ ಮಾಸ್ಟ್ರು

ಕಾರ್ಯದರ್ಶಿಗಳ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನಾನು ಚಿತ್ರಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಕವಿತೆ ಓದುವುದಕ್ಕೆ ಒಂದು ಕುರ್ಚಿ ಸಾಕು, ಚಿತ್ರ ತೋರಿಸುವುದಕ್ಕೆ ಗೋಡೆ ಬೇಕು. ನಮ್ಮ ಊರಿನ ಗೋಡೆಯೆಂದರೆ ಮುರಕಲ್ಲಿನದ್ದು, ಮಳೆಗಾಲದಲ್ಲಿ ನೀರು ಕುಡಿದು ಕುಳಿತಿರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದದ ಚಿತ್ರವನ್ನು ನೇರವಾಗಿ ಗೋಡೆಗೆ ತಾಗಿಸಬಾರದು. ಒಂದು ವಾರದಲ್ಲಿ ಕಾಗದ ಅಲೆ ಅಲೆಯಾಗಿ ಏಳುತ್ತದೆ, ಎರಡನೆಯ ವಾರಕ್ಕೆ ಜಲವರ್ಣದ ಮೇಲೆ ಬೂಷ್ಟು ಬರುತ್ತದೆ. ಗೋಡೆಯಿಂದ ಒಂದು ಗೇಣು ಮುಂದೆ ಎರಡು ಬಿದಿರು ನಿಲ್ಲಿಸಿ, ಅವುಗಳ ನಡುವೆ ಸೆಣಬಿನ ಹಗ್ಗ ಬಿಗಿದು, ಬಟ್ಟೆ ಒಣಗಿಸುವ ಮರದ ಕ್ಲಿಪ್ಪಿನಿಂದ ಚಿತ್ರ ತೂಗಹಾಕಿದರೆ ಹಿಂದೆ ಗಾಳಿಯಾಡುತ್ತದೆ. ಕ್ಲಿಪ್ಪಿಗೂ ಚಿತ್ರಕ್ಕೂ ನಡುವೆ ಸಣ್ಣ ಕಾಗದದ ತುಂಡು ಮಡಚಿ ಇಡಬೇಕು, ಇಲ್ಲವಾದರೆ ಕಚ್ಚಿದ ಗುರುತು ಉಳಿಯುತ್ತದೆ. ಸೆಲ್ಲೋಟೇಪ್ ಸರ್ವಥಾ ಬೇಡ. ತೆಗೆಯುವಾಗ ಬಣ್ಣವನ್ನೇ ಕಿತ್ತುಕೊಂಡು ಬರುತ್ತದೆ, ಆಗ ಆ ಮಗುವಿನ ಮುಖ ನೋಡುವುದಕ್ಕಾಗುವುದಿಲ್ಲ. ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನಿಂತು ನೋಡುವವರ ಕಣ್ಣಿಗೆ ಸರಿಯಾಗಿ ಬರುತ್ತದೆ. ನಮ್ಮ ಸಭಾಂಗಣಗಳಲ್ಲಿ ಚಿತ್ರಗಳನ್ನು ದೇವರ ಪಟದಂತೆ ಮೇಲೆ ಮೇಲೆ ತೂಗಿಹಾಕುವ ರೂಢಿಯಿದೆ. ಕತ್ತು ನೋಯಿಸಿಕೊಂಡು ಯಾರೂ ಚಿತ್ರ ನೋಡುವುದಿಲ್ಲ.

ಪ್ರತಿ ಚಿತ್ರದ ಕೆಳಗೆ ಹೆಸರು, ಮಾಧ್ಯಮ, ವರ್ಷ ಬರೆದ ಒಂದು ಚೀಟಿಯ ಜೊತೆಗೆ ನೂಲಿನಿಂದ ಕಟ್ಟಿದ ಸಣ್ಣ ಪುಸ್ತಕವನ್ನೂ ಪೆನ್ಸಿಲನ್ನೂ ಇಡಿ. ಎದುರೆದುರು ಮಾತಾಡಲು ಅಂಜುವವರು ಅದರಲ್ಲಿ ಬರೆಯುತ್ತಾರೆ. ನಾನು ಕಂಡಂತೆ ಚಿತ್ರಕಾರರು ಆ ಪುಸ್ತಕವನ್ನು ಪ್ರಶಸ್ತಿಪತ್ರಕ್ಕಿಂತ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ, ಬೇಸರಿಸಬಾರದು: ಬಹುಮಾನ ಇಡಬೇಡಿ. ಮೊದಲನೆಯದು, ಎರಡನೆಯದು ಎಂದು ಆರಂಭವಾದ ದಿನ ನಿಮ್ಮ ಬ್ಯಾನರ್ ಅಂಗಡಿಯ ಹುಡುಗ ದೈವದ ಅಣಿ ಬಿಟ್ಟು, ತೀರ್ಪುಗಾರರಿಗೆ ಹಿಡಿಸುವ ಸೂರ್ಯಾಸ್ತ ಬಿಡಿಸಲು ಕುಳಿತುಕೊಳ್ಳುತ್ತಾನೆ. ಸ್ಪರ್ಧೆಗೆ ಕಲೋತ್ಸವ ಇದೆ, ಅದು ಅಲ್ಲಿಯೇ ಇರಲಿ. ದೊಡ್ಡ ಗೋಡೆಯ ಆಸೆ ಹುಟ್ಟಿದವರಿಗೆ ಮುಂದೆ ಕಾಞಂಗಾಡಿನಲ್ಲಿ ಲಲಿತಕಲಾ ಅಕಾಡೆಮಿಯ ಆರ್ಟ್ ಗ್ಯಾಲರಿ ಇದೆ, 2012ರಿಂದ ನಡೆಯುತ್ತಿರುವ ಕೊಚ್ಚಿಯ ಬಿಯೆನಾಲೆ ಎಂಬ ದೊಡ್ಡ ಕಲಾ ಪ್ರದರ್ಶನವನ್ನು ರೈಲು ಹತ್ತಿ ಹೋಗಿ ನೋಡಿ ಬರಬಹುದು. ಚೆರುವತ್ತೂರು ಕಡೆಯ ಹಳ್ಳಿಯಿಂದ ಹೊರಟ ಶಿಲ್ಪಿ ಕಾನಾಯಿ ಕುಞಿರಾಮನ್ ಮಲಂಪುಳದ ಯಕ್ಷಿಯ ಶಿಲ್ಪವನ್ನು ಕೆತ್ತಿ ನಿಲ್ಲಿಸಿದರು ಎಂಬುದನ್ನು ನಮ್ಮ ಮಕ್ಕಳಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ.

ಪೆರ್ಲದಲ್ಲಿ ಬರೆಯುವವಳು

ಟೀಚರಿಗೂ ಮಾಸ್ಟ್ರಿಗೂ ನಮಸ್ಕಾರ. ನಾನು ನೀವು ಹೇಳುತ್ತಿರುವ ವಯಸ್ಸಿನವಳು, ಡಿಗ್ರಿ ಎರಡನೆಯ ವರ್ಷದಲ್ಲಿದ್ದೇನೆ, ಇನ್ಸ್ಟಾಗ್ರಾಮಿನಲ್ಲಿ ಕವಿತೆ ಹಾಕುತ್ತೇನೆ. ಅಲ್ಲಿ ಹೃದಯದ ಚಿಹ್ನೆ ಸಾಕಷ್ಟು ಸಿಗುತ್ತದೆ. ಆದರೆ ಮೂರನೆಯ ಸಾಲು ಯಾಕೆ ಸಡಿಲವಾಯಿತು ಎಂದು ಯಾರೂ ಕೇಳುವುದಿಲ್ಲ. ನನಗೆ ಬೇಕಾದದ್ದು ಆ ಪ್ರಶ್ನೆ.

ಆದ್ದರಿಂದ ಹಿರಿಯರಲ್ಲಿ ನನ್ನದೊಂದು ಕೋರಿಕೆ. ದಯವಿಟ್ಟು ವೇದಿಕೆ ಬೇಡ. ನಾನು ಇದುವರೆಗೆ ಹೋದ ಯುವ ಕವಿಗೋಷ್ಠಿಗಳಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಉದ್ಘಾಟನಾ ಭಾಷಣ, ಶುಭಾಶಂಸನೆ, ಶಾಲು ಹೊದೆಸುವುದು ಎಲ್ಲ ಮುಗಿಯುವಾಗ ಎರಡು ಗಂಟೆ ಕಳೆದಿರುತ್ತದೆ. ಆಮೇಲೆ ಸಮಯದ ಅಭಾವವಿರುವುದರಿಂದ ಕವಿಗಳು ಒಂದೊಂದೇ ಕವನ, ಅದೂ ಚಿಕ್ಕದನ್ನು ಓದಬೇಕೆಂದು ಅಪ್ಪಣೆಯಾಗುತ್ತದೆ. ಓದಿ ಇಳಿಯುವಷ್ಟರಲ್ಲಿ ಎದುರಿನ ಸಾಲಿನ ಅತಿಥಿಗಳು ಇನ್ನೊಂದು ಕಾರ್ಯಕ್ರಮಕ್ಕೆ ಹೊರಟಿರುತ್ತಾರೆ.

ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಮಾದರಿ ಬಹಳ ಹಿಂದಿನಿಂದಲೂ ಇದೆ, ಯಕ್ಷಗಾನದ ಪ್ರಸಂಗವನ್ನು ಕುಳಿತೇ ಹಾಡು, ಮಾತುಗಳಲ್ಲಿ ನಡೆಸುವ ತಾಳಮದ್ದಳೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಆಟ ನಿಲ್ಲಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಮನೆಯ ಚಾವಡಿಯಲ್ಲಿ ಚಾಪೆ ಹಾಸಿ ಕುಳಿತು ಅರ್ಥ ಹೇಳುತ್ತಾರೆ. ವೇಷವಿಲ್ಲ, ರಂಗಸ್ಥಳವಿಲ್ಲ, ಕೇಳುವವರು ಮೂರು ಮಾರು ದೂರದಲ್ಲಿ ಕುಳಿತಿರುತ್ತಾರೆ. ಪ್ರಸಂಗ ಮುಗಿದ ಮೇಲೆ ಆ ಮಾತು ಸರಿಯೇ, ಕರ್ಣ ಹಾಗೆ ಹೇಳಬಹುದೇ ಎಂದು ಜಗಲಿಯಲ್ಲಿ ಚಹಾ ಕುಡಿಯುತ್ತ ಅರ್ಧ ಗಂಟೆ ಚರ್ಚೆಯಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳ ಮಾತನ್ನು ನಮ್ಮ ಅಜ್ಜನ ತಲೆಮಾರಿನವರು ಈಗಲೂ ಎತ್ತಿ ಆಡುವುದು, ಅವರು ಕೇಳುತ್ತಿದ್ದುದಷ್ಟೇ ಅಲ್ಲದೆ ಅದರ ಮೇಲೆ ವಾದವನ್ನೂ ಮಾಡುತ್ತಿದ್ದುದರಿಂದ ಎಂದು ನನ್ನ ಅನಿಸಿಕೆ.

ನಾವು ಗೆಳತಿಯರು ಐದಾರು ಮಂದಿ ಹೀಗೆ ಮಾಡಿ ನೋಡುತ್ತಿದ್ದೇವೆ. ಓದುವವಳು ಮೊದಲು ಕವಿತೆಯನ್ನು ಎರಡು ಸಲ ಓದುತ್ತಾಳೆ. ಕೇಳಿದವರು ತಮಗೆ ಯಾವ ಸಾಲು ಉಳಿಯಿತು, ಎಲ್ಲಿ ಅರ್ಥ ಜಾರಿತು ಎಂಬುದನ್ನಷ್ಟೇ ಹೇಳಬೇಕು, ಚೆನ್ನಾಗಿದೆ ಚೆನ್ನಾಗಿಲ್ಲ ಎನ್ನುವಂತಿಲ್ಲ. ಆಮೇಲೆ ಬರೆದವಳೇ ತನಗೆ ಅನುಮಾನವಿರುವ ಜಾಗದ ಬಗ್ಗೆ ಕೇಳುತ್ತಾಳೆ. ಹೀಗೆ ತಿದ್ದಬಹುದು ಎಂಬ ಸಲಹೆಯನ್ನು ಅವಳು ಕೇಳಿದರೆ ಮಾತ್ರ ಕೊಡುವುದು. ಈ ಕೊನೆಯ ನಿಯಮ ಹಿರಿಯರಿಗೆ ಪಾಲಿಸಲು ಕಷ್ಟವಾಗುತ್ತದೆ ಎಂಬುದನ್ನು ಗೌರವಪೂರ್ವಕವಾಗಿ ತಿಳಿಸುತ್ತಿದ್ದೇನೆ.

ಕುಂಬಳೆಯ ಹಿರಿಯ ಓದುಗ

ತಂಗಿಯ ಬರಹ ಓದಿ ನಗೆಯೂ ಬಂತು, ನಾಚಿಕೆಯೂ ಆಯಿತು. ಶಾಲು ಹೊದೆಸಿಕೊಂಡವರಲ್ಲಿ ನಾನೂ ಒಬ್ಬ.

ಆದರೆ ಯಾರೂ ಎತ್ತದ ಒಂದು ವಿಷಯವಿದೆ. ಈ ಕೂಟ ಕನ್ನಡದ್ದೇ ಅಥವಾ ಎಲ್ಲ ಭಾಷೆಯದ್ದೇ? ವಾಚನಾಲಯಕ್ಕೆ ಹೋದರೆ ಮಲಯಾಳದ ಮಕ್ಕಳೂ ಬರುತ್ತಾರೆ, ಬರಲಿ, ಸಂತೋಷ. ಆದರೆ ನಾಲ್ಕು ತಿಂಗಳಲ್ಲಿ ನಿರೂಪಣೆ ಮಲಯಾಳಕ್ಕೆ ತಿರುಗುತ್ತದೆ, ಅದು ಯಾರ ದುರುದ್ದೇಶದಿಂದಲೂ ಅಲ್ಲ, ಎಲ್ಲರಿಗೂ ಅರ್ಥವಾಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ. ಕಚೇರಿಗಳಲ್ಲಿ, ಫಾರಂಗಳಲ್ಲಿ, ಬಸ್ಸಿನ ಬೋರ್ಡಿನಲ್ಲಿ ಇದು ಹೇಗಾಯಿತು ಎಂಬುದನ್ನು ನಾವು ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರಿನಿಂದ ಕಂಡವರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಲ್ಲಿ, ಕವಿ ಗೋವಿಂದ ಪೈಗಳ ಮಂಜೇಶ್ವರದಲ್ಲಿ, ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಪಾಠ ಹೇಳಿದ ಪೆರಡಾಲದಲ್ಲಿ ಕನ್ನಡದಲ್ಲಿ ಬರೆಯುವ ಹುಡುಗರಿಗೆ ತಮ್ಮದೇ ಎನ್ನುವ ಒಂದು ಮೂಲೆ ಇರಬೇಕೆಂಬುದು ಸಂಕುಚಿತ ಬೇಡಿಕೆಯೆಂದು ನನಗೆ ತೋರುವುದಿಲ್ಲ.

ಉಪ್ಪಳದ ಓದುಗ

ಹಿರಿಯರ ಆತಂಕ ನನಗೆ ಅರ್ಥವಾಗುತ್ತದೆ, ಆದರೂ ಭಿನ್ನಾಭಿಪ್ರಾಯ ಹೇಳಬೇಕಾಗಿದೆ. ನಮ್ಮ ಮನೆಯ ಮಾತು ಬ್ಯಾರಿ, ನೆರೆಯವರದ್ದು ಉರ್ದು, ಅಂಗಡಿಯಲ್ಲಿ ತುಳು, ನಾನು ಓದಿದ್ದು ಕನ್ನಡ ಮೀಡಿಯಂ. ಸಪ್ತಭಾಷೆಯ ನಾಡು ಎಂದು ಭಾಷಣದಲ್ಲಿ ಹೆಮ್ಮೆಪಡುತ್ತೇವೆ, ಆದರೆ ಬ್ಯಾರಿಯಲ್ಲಿ ಹಾಡು ಕಟ್ಟುವ ಹುಡುಗನನ್ನು ಯಾವ ಕೂಟಕ್ಕೆ ಕಳುಹಿಸಬೇಕು? ಕನ್ನಡದ್ದು ಎಂದು ಹಲಗೆ ತೂಗಿದರೆ ಅವನು ಬರುವುದಿಲ್ಲ, ಅವನ ಜೊತೆಗೆ ಅವನ ಕನ್ನಡವೂ ಬರುವುದಿಲ್ಲ.

ನನ್ನ ಸೂಚನೆ ಇಷ್ಟು. ಕೂಟದ ನಿರೂಪಣೆ, ಚೀಟಿ, ಕರೆಯೋಲೆ, ಚರ್ಚೆ ಕನ್ನಡದಲ್ಲಿಯೇ ಇರಲಿ, ಇದರಲ್ಲಿ ರಾಜಿ ಬೇಡ. ಕೃತಿ ಯಾವ ಭಾಷೆಯದ್ದೂ ಆಗಬಹುದು, ತಂದವರು ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಮಾತಿನಲ್ಲಿ ಹೇಳಿದರೆ ಸಾಕು. ಹಾಗೆ ಮಾಡಿದರೆ ಮಲಯಾಳದ ಹುಡುಗಿ ಕೂಡ ಕನ್ನಡದಲ್ಲಿ ಎರಡು ಮಾತು ಜೋಡಿಸಲು ಯತ್ನಿಸುತ್ತಾಳೆ. ಹಿರಿಯರಿಗೆ ಇದು ಒಪ್ಪಿಗೆಯಾಗಬಹುದೇ?

ಕುಂಬಳೆಯ ಹಿರಿಯ ಓದುಗ

ನಿರೂಪಣೆಯ ಮಾತು ಲಿಖಿತವಾಗಿ ಇದ್ದರೆ ಒಪ್ಪಿಗೆ. ಬಾಯಿಮಾತಿನ ಭರವಸೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಕನ್ನಡ ಟೀಚರ್, ಬದಿಯಡ್ಕ

ಇಷ್ಟೊಂದು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ವಾಚನಾಲಯದ ಸಮಿತಿಯವರೊಂದಿಗೆ ಮಾತಾಡಿದ್ದೇವೆ, ತಾತ್ವಿಕವಾಗಿ ಒಪ್ಪಿದ್ದಾರೆ. ನಿರೂಪಣೆ ಕನ್ನಡದಲ್ಲಿ ಎಂಬುದನ್ನು ಸಮಿತಿಯ ನಿರ್ಣಯ ಪುಸ್ತಕದಲ್ಲಿಯೇ ಬರೆಸುತ್ತೇವೆ. ಉದ್ಘಾಟನೆ ಇಲ್ಲ ಎಂದು ತೀರ್ಮಾನಿಸಿದ್ದು ಕೆಲವರಿಗೆ ರುಚಿಸಿಲ್ಲ, ಇರಲಿ.

ಎರಡು ಸಂಶಯಗಳು ಉಳಿದಿವೆ. ಮೊದಲನೆಯದು ಖರ್ಚು. ಚಹಾ, ಬಿದಿರು, ಹಗ್ಗಕ್ಕೆ ನಾವೇ ಹಾಕಿಕೊಳ್ಳುತ್ತೇವೆ; ಮುಂದೆ ಪ್ರೊಜೆಕ್ಟರ್, ದೀಪ, ಮಡಚುವ ಪರದೆ ಬೇಕಾದಾಗ ಏನು ಮಾಡಬಹುದು? ಎರಡನೆಯದು, ತಮ್ಮ ಚಿತ್ರವನ್ನೋ ಹಾಡನ್ನೋ ಯಾರಾದರೂ ಫೋನಿನಲ್ಲಿ ಹಿಡಿದು ತಮ್ಮದೆಂದು ಹಾಕಿಕೊಂಡರೆ ಎಂಬ ಭಯ ಹಲವರಿಗಿದೆ. ಹುಡುಗಿಯರ ಪೋಷಕರಿಗೆ ಫೋಟೋದ ಬಗ್ಗೆ ಬೇರೆಯೇ ಆತಂಕವಿದೆ.

ವಾಚನಾಲಯದ ಕಾರ್ಯದರ್ಶಿ

ಖರ್ಚಿನ ಬಗ್ಗೆ ಹೇಳುತ್ತೇನೆ. 1996ರ ಜನಕೀಯ ಯೋಜನೆಯ ನಂತರ ಕೇರಳದ ಗ್ರಾಮ ಪಂಚಾಯತುಗಳಿಗೆ ತಮ್ಮದೇ ವಾರ್ಷಿಕ ಯೋಜನೆ ತಯಾರಿಸುವ ಅಧಿಕಾರವೂ ಹಣವೂ ಇದೆ. ಬೇಡಿಕೆ ವಾರ್ಡಿನ ಗ್ರಾಮಸಭೆಯಲ್ಲಿ ಎದ್ದು, ಕಾರ್ಯತಂಡಕ್ಕೆ ಹೋಗಿ, ಅಭಿವೃದ್ಧಿ ಸೆಮಿನಾರಿನಲ್ಲಿ ಚರ್ಚೆಯಾಗಿ, ಜಿಲ್ಲಾ ಯೋಜನಾ ಸಮಿತಿಯ ಅಂಗೀಕಾರ ಪಡೆದು ಬರಬೇಕು. ಸದಸ್ಯರ ಮನೆಗೆ ಹೋಗಿ ಕೈಮುಗಿದರೆ ಸಾಲದು, ಗ್ರಾಮಸಭೆಯ ದಿನ ಆ ಹುಡುಗ ಹುಡುಗಿಯರೇ ಬಂದು ಎದ್ದುನಿಂತು ಕೇಳಿ ನಡಾವಳಿಯಲ್ಲಿ ಬರೆಸಬೇಕು. ಕ್ರೀಡೆಗೆ ಬ್ಯಾಟು ಬಾಲು ಕೇಳುವ ಕ್ಲಬ್ಬುಗಳು ಇದನ್ನು ಚೆನ್ನಾಗಿ ಬಲ್ಲವು, ಕಲೆಯವರು ಆ ಕಡೆ ಸುಳಿಯುವುದೇ ಇಲ್ಲ. ಅರ್ಜಿ ಕನ್ನಡದಲ್ಲಿಯೇ ಕೊಡಿ. 1969ರ ಆಡಳಿತ ಭಾಷಾ ಕಾನೂನು ನಮ್ಮಂಥ ಭಾಷಾ ಅಲ್ಪಸಂಖ್ಯಾತ ಪ್ರದೇಶದವರಿಗೆ ಆ ಹಕ್ಕು ಕೊಟ್ಟಿದೆ.

ಮುಂದೆ ಬೆಂಗಳೂರಿನ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಂಥ ಕಡೆ ಧನಸಹಾಯ ಕೇಳಬೇಕಾದರೆ ನೋಂದಾಯಿತ ಸಂಸ್ಥೆ ಬೇಕಾಗುತ್ತದೆ. ನಮ್ಮದು ಹಳೆಯ ಮದ್ರಾಸಿಗೆ ಸೇರಿದ ಭಾಗವಾದ್ದರಿಂದ ಇಲ್ಲಿ 1860ರ ಸಂಘಗಳ ನೋಂದಣಿ ಕಾನೂನು ಅನ್ವಯಿಸುತ್ತದೆ, ಕನಿಷ್ಠ ಏಳು ಮಂದಿ ಸದಸ್ಯರಿರಬೇಕು. ಆದರೆ ಒಂದು ವರ್ಷ ಕೂಟ ನಡೆದ ಮೇಲೆ ಅದನ್ನು ಯೋಚಿಸಿ. ಮೊದಲೇ ಸಂಘ ಮಾಡಿದರೆ ಅಧ್ಯಕ್ಷರು ಯಾರು ಎಂಬುದರಲ್ಲೇ ಮಳೆಗಾಲ ಕಳೆದುಹೋಗುತ್ತದೆ.

ನಿವೃತ್ತ ಡ್ರಾಯಿಂಗ್ ಮಾಸ್ಟ್ರು

ಎರಡನೆಯ ಸಂಶಯಕ್ಕೆ ನನಗೆ ತಿಳಿದಷ್ಟು. 1957ರ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಚಿತ್ರವಾಗಲಿ ಕವಿತೆಯಾಗಲಿ ರಚನೆಯಾದ ಕೂಡಲೇ ಹಕ್ಕು ರಚಿಸಿದವರದ್ದೇ, ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಆದರೆ ಕಾನೂನಿಗೆ ಹೋಗುವ ಮುಂಚೆ ಸಾಕ್ಷಿ ಇಟ್ಟುಕೊಳ್ಳುವುದು ಜಾಣತನ. ಬ್ಯಾನರ್ ಅಂಗಡಿಯ ಹುಡುಗನಿಗೆ ಹೇಳಿ, ಪದರಗಳಿರುವ ಮೂಲ ಫೈಲನ್ನು ಯಾರಿಗೂ ಕೊಡಬಾರದು, ತೋರಿಸುವುದಕ್ಕೆ ಸಣ್ಣ ಗಾತ್ರದ ಪ್ರತಿ ಸಾಕು. ಕೂಟದ ದಿನ ಏನೇನು ತೋರಿಸಲಾಯಿತು, ಓದಲಾಯಿತು ಎಂಬುದನ್ನು ದಿನಾಂಕ ಸಹಿತ ವಾಚನಾಲಯದ ಪುಸ್ತಕದಲ್ಲಿ ಬರೆದು ತಂದವರ ಸಹಿ ಹಾಕಿಸಿದರೆ ಮುಂದೆ ತಕರಾರು ಬಂದಾಗ ಉಪಯೋಗಕ್ಕೆ ಬರುತ್ತದೆ.

ಫೋಟೋದ ಮಟ್ಟಿಗೆ, ಒಳಗೆ ಬರುವಾಗ ಫೋನುಗಳನ್ನು ಮೇಜಿನ ಮೇಲೆ ಇಡುವ ಪದ್ಧತಿ ಮಾಡಿ. ಕೊನೆಯ ಹತ್ತು ನಿಮಿಷ ಯಾರು ಒಪ್ಪುತ್ತಾರೋ ಅವರದ್ದನ್ನು ಮಾತ್ರ ಒಬ್ಬರೇ ತೆಗೆಯಲಿ. ಹದಿನೆಂಟು ತುಂಬದವರಿದ್ದರೆ ಮನೆಯವರ ಲಿಖಿತ ಒಪ್ಪಿಗೆ ಮೊದಲೇ ತರಿಸಿಕೊಳ್ಳಿ, ಮತ್ತು ಕೂಟದಲ್ಲಿ ಪ್ರತಿ ಸಲವೂ ಕನಿಷ್ಠ ಒಬ್ಬರು ಟೀಚರ್ ಅಥವಾ ತಾಯಂದಿರು ಇರಲಿ.

ಪೆರ್ಲದಲ್ಲಿ ಬರೆಯುವವಳು

ಟೀಚರ್, ಮೊದಲನೆಯ ಕೂಟಕ್ಕೆ ನಾವು ಗೆಳತಿಯರು ನಾಲ್ವರು ಬರುತ್ತೇವೆ, ಎರಡು ಕವಿತೆ, ಒಂದು ಸಣ್ಣಕತೆ, ಫೋನಿನಲ್ಲಿ ತೆಗೆದ ಆರು ನಿಮಿಷದ ಒಂದು ಕಿರುಚಿತ್ರ ತರುತ್ತೇವೆ. ಕಿರುಚಿತ್ರಕ್ಕೆ ಕಿಟಕಿ ಮುಚ್ಚಬೇಕಾಗಬಹುದು. ಎರಡು ಕಪ್ಪು ಬಟ್ಟೆ ನಾನೇ ತರುತ್ತೇನೆ. ಪ್ರೊಜೆಕ್ಟರ್ ಸಿಗದಿದ್ದರೆ ವಾಚನಾಲಯದ ಟಿವಿ ಸಾಕು, ಅದಕ್ಕೆ ಪೆನ್‌ಡ್ರೈವ್ ಹಿಡಿಯುತ್ತದೋ ಎಂದು ಮುಂಚಿತವಾಗಿ ನೋಡಿ ತಿಳಿಸಿ. ಬ್ಯಾನರ್ ಅಂಗಡಿಯ ಅಣ್ಣನಿಗೆ ಆದಿತ್ಯವಾರ ರಜೆ ಇದೆಯೇ ಎಂಬುದನ್ನೂ ಕೇಳಿ ಹೇಳಿ, ಇಲ್ಲವಾದರೆ ದಿನವನ್ನು ಅವರ ರಜೆಗೆ ಹೊಂದಿಸಿಕೊಳ್ಳೋಣ.